ಟಿಕೆಟ್ಟಿನ ಬೆನ್ನಿಗೆ

ಚಿಲ್ಲರೆ ಇಲ್ಲದಾಗ
ಟಿಕೆಟ್ಟಿನ ಬೆನ್ನಿಗೆ ಬರೆದುಕೊಡುತ್ತಿದ್ದೆ:
ಎಂಟು, ಹನ್ನೆರಡು, ನಲವತ್ತೈದು,
ಕೆಳಗೊಂದು ಗೆರೆ.
ಇಳಿಯುವ ಆತುರದಲ್ಲಿ ಮರೆಯುವವರು ಮರೆಯುತ್ತಿದ್ದರು.
ಆ ಮರೆವನ್ನೆಲ್ಲ ಕೂಡಿಸಿ
ರಾತ್ರಿ ಒಂಬತ್ತೂವರೆಗೆ
ಸುಂಕದಕಟ್ಟೆ ವೈನ್ಸಿನ ಕಟಕಟೆಯಲ್ಲಿ
ನೈಂಟಿ ಮಾಡಿಕೊಳ್ಳುತ್ತಿದ್ದೆ.

ಈಗ ಚೀಲ ಡಿಪೋದ ಒಳಗೆ, ನಾನು ಹೊರಗೆ.
ಜೇಬಿನಲ್ಲಿ ಅಂಥದೇ ಒಂದು ಟಿಕೆಟ್ಟು,
ಆಸ್ಪತ್ರೆಯ ನರ್ಸು ಫಿಲೋಮಿನಾ ಬರೆದದ್ದು:
ಮಂಗಳವಾರ, ಏಳು ಗಂಟೆ, ಲಿಂಗರಾಜಪುರ,
ಚರ್ಚಿನ ಹಿಂದೆ, ನೀಲಿ ಬಾಗಿಲು.
ಕೆಳಗೆ ಅವಳೂ ಒಂದು ಗೆರೆ ಎಳೆದಿದ್ದಳು.

ಹದಿನೇಳು ವರ್ಷ ಈ ಊರಿನ ಸ್ಟಾಪುಗಳನ್ನು
ಕೂಗಿ ಕೂಗಿ ಗಂಟಲು ಹರಿದುಕೊಂಡವನು ನಾನು.
ಕಣ್ಣು ಕಟ್ಟಿ ಬಿಟ್ಟರೂ
ತಿರುವಿನ ಓಲಾಟದಲ್ಲೇ ಹೇಳಬಲ್ಲೆ,
ಇದು ಟೌನ್‌ಹಾಲು, ಇದು ಹಡ್ಸನ್ ಸರ್ಕಲ್ಲು.
ಒಂದು ನೀಲಿ ಬಾಗಿಲಿಗೆ ಮಾತ್ರ
ನಾಲ್ಕು ಸಲ ಅದೇ ಬೀದಿ ಸುತ್ತಿದೆ.
ಚರ್ಚುಗಳೇ ಮೂರು.
ಒಂದರ ಹಿಂದೆ ಮೋರಿ, ಒಂದರ ಹಿಂದೆ ಹೊಲಿಗೆ ಕ್ಲಾಸು,
ಮೂರನೆಯದರ ಹಿಂದೆ ನೀಲಿ ಬಾಗಿಲೇನೋ ಇತ್ತು,
ಅದಕ್ಕೊಂದು ತುಕ್ಕು ಹಿಡಿದ ಬೀಗವೂ.

ವಾಚ್‌ಮನ್ ಬೀಡಿ ಆರಿಸದೆ ಹೇಳಿದ:
"ಅವರಾ? ಕೊರೋನಾದಲ್ಲಿ ನಿಂತಿತ್ತು.
ಆಮೇಲೆ ಎಲ್ಲೋ ಶುರುವಾಯ್ತಂತೆ.
ಎಲ್ಲಿ ಅಂತ ನನ್ನ ಕೇಳಬೇಡಿ."

ಇನ್ಯಾರನ್ನು ಕೇಳುವುದು?
ಔಷಧಿ ಅಂಗಡಿಯಲ್ಲಿ ಬಾಯಿ ತೆರೆದೆ,
ತಲೆನೋವಿನ ಮಾತ್ರೆ ಕೊಂಡು ಹೊರಬಂದೆ.
ಎಳನೀರಿನವಳ ಬಳಿ ನಿಂತೆ, ಎಳನೀರು ಕುಡಿದೆ.
ಕುಡಿಯುವುದಕ್ಕೆ ಎಂದೂ ಅಡ್ಡ ಬಾರದ ನಾಚಿಕೆ
ಬಿಡುವುದಕ್ಕೆ ಬಂದು
ನಾಲಗೆಯ ಮೇಲೆ ಕಾಲು ಚಾಚಿ ಕೂತಿತ್ತು.

ಏಳು ಹತ್ತು.
ಬೆರಳು ನಡುಗುವ ಹೊತ್ತು.
ಎದುರಿಗೆ ಕೆಂಪು ಬಲ್ಬಿನ ಬೋರ್ಡು,
ಅಲ್ಲಿಗೆ ಕಾಲಿಗೆ ಯಾರ ವಿಳಾಸವೂ ಬೇಕಿರಲಿಲ್ಲ.
ನೂರರ ನೋಟು ಕೈಯಲ್ಲಿ ಆಗಲೇ ನಾಲ್ಕು ಮಡಿಕೆ.
ಮಡಿಕೆಯೊಳಗೆ ಟಿಕೆಟ್ಟೂ ಸೇರಿಹೋಗಿತ್ತು.
ಕ್ಯಾಷಿಯರು ಎರಡನ್ನೂ ಬಿಡಿಸಿದ.
ಓದಿದ.
ನೋಟನ್ನು ನನ್ನ ಕಡೆಗೇ ತಳ್ಳಿದ.

"ಜಾಗ ಬದಲಾಯ್ತು ಸಾರ್.
ಮುಂದೆ ಸೌದೆ ಡಿಪೋ, ಬಲಕ್ಕೆ ಹೋಗಿ,
ಕಾರ್ಪೊರೇಷನ್ ಶಾಲೆ, ಮಹಡಿ ಮೇಲೆ.
ನಮ್ಮ ತಂಗರಾಜು ಹೋಗ್ತಾನೆ.
ಅಗೋ ಆ ಮೇಜು, ಒಂಬತ್ತು ವರ್ಷ.
ಅವನ ಬಾಕಿ ಇನ್ನೂ ಇದೆ ನನ್ನ ಪುಸ್ತಕದಲ್ಲಿ,
ತಿಂಗಳಿಗೆ ಇನ್ನೂರು ತಂದು ಕೊಡ್ತಾನೆ,
ಬಾಗಿಲಾಚೆ ನಿಂತೇ."
ಒಳಗೆ ಯಾರೋ ಸೋಡಾ ಎಂದು ಕೂಗಿದರು.
ಅವನು ಹೋದ.

ಮೂರನೇ ತರಗತಿಯ ಬೆಂಚು, ಮೊಣಕಾಲು ಎದೆಗೆ ಬರುತ್ತದೆ.
ಗೋಡೆಯಲ್ಲಿ ಹದಿಮೂರರ ಮಗ್ಗಿ,
ನೂರನಾಲ್ಕರ ಸೊನ್ನೆ ಉದುರಿ ಹದಿನಾಲ್ಕಾಗಿದೆ.
ಹನ್ನೊಂದು ಜನ, ಫ್ಲಾಸ್ಕಿನಲ್ಲಿ ಅತಿ ಸಿಹಿ ಟೀ.
ಪಕ್ಕದವನು ಕಿವಿಗೆ ಬಾಗಿದ:
"ಇವತ್ತು ತಮಿಳು ಮೀಟಿಂಗು.
ಕನ್ನಡದ್ದು ಗುರುವಾರ, ಶ್ರೀರಾಮಪುರದಲ್ಲಿ."
ಎದ್ದು ಹೋಗಬಹುದಿತ್ತು.
ಮೊಣಕಾಲು ಬೆಂಚಿಗೆ ಸಿಕ್ಕಿಕೊಂಡಿತ್ತು, ಹಾಗೆನ್ನೋಣ.

ಹೂ ಕಟ್ಟುವ ಮರಕತಂ ಎದ್ದು
ಮಗಳ ಕಾಲ್ಗೆಜ್ಜೆ ಅಡವಿಟ್ಟ ರಾತ್ರಿಯನ್ನು ಹೇಳಿದಳು,
ಆಮೇಲೆ ಅಡವಿನ ಚೀಟಿಯನ್ನೂ ಮಾರಿದ ರಾತ್ರಿಯನ್ನು.
ನನ್ನ ತಮಿಳು ಟಿಕೆಟ್ಟಿನಷ್ಟೇ ಉದ್ದ:
ಎಲ್ಲಿಗೆ, ಎಷ್ಟು ಜನ, ಒಳಗೆ ಸರಿ, ಇಳಿ.
ಆದರೂ ತಿಳಿಯದೆ ಉಳಿದ ಮಾತಿರಲಿಲ್ಲ.

ನನ್ನ ಸರದಿ.
ಮೊದಲು ಬ್ಯಾಡ್ಜಿನ ನಂಬರು ನಾಲಗೆ ತುದಿಗೆ ಬಂತು.
ನುಂಗಿ, ಗವಿರಂಗ ಎಂದೆ.
ಮುಂದಿನದು ಬರಲಿಲ್ಲ.
ಅವರು ಕಾದರು,
ಓಡಿಬರುವವನೊಬ್ಬನಿಗಾಗಿ ಬಸ್ಸು ನಿಲ್ಲುವಂತೆ,
ಇಂಜಿನ್ ಆರಿಸದೆ.

ಮೆಟ್ಟಿಲಲ್ಲಿ ತಂಗರಾಜು ಟಿಕೆಟ್ಟು ಇಸಕೊಂಡು
ಹಳೇ ವಿಳಾಸ ಹೊಡೆದುಹಾಕಿ
ಗುರುವಾರದ್ದನ್ನು ಬರೆದುಕೊಟ್ಟ.
ಜಾಗ ಸಾಲದೆ ಅಕ್ಷರಗಳು ಅಂಚು ಹತ್ತಿದವು.
ಇಂದು ಮಂಗಳವಾರ.
ನಡುವೆ ಬುಧವಾರ ಒಂದಿದೆ.
ಅದರ ಮೇಲೆ ಯಾರೂ ಏನೂ ಬರೆದಿಲ್ಲ.